ಉಸುಕಿನ ಮೇಲೆ ಹದಿನೆಂಟು ಮನೆಗಳು

ಈ ಸಂಗತಿಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಹೇಳಿದಷ್ಟು ಸಲವೂ ಅದರೊಳಗೆ ನಾನು ಸ್ವಲ್ಪ ಹೆಚ್ಚು ಜಾಣನಾಗುತ್ತ ಬಂದಿದ್ದೇನೆ. ನನ್ನ ಅನುಮಾನ ಇರುವುದು ಅಲ್ಲಿಯೇ. ಕೆಲಸ ನಿಲ್ಲಿಸಿದ್ದು ನಾನು ಎಂಬುದು ಖಚಿತ. ನಿಲ್ಲಿಸಬೇಕೆಂದು ಮೊದಲು ಹೊಳೆದದ್ದು ನನಗೇ ಹೌದೋ ಅಲ್ಲವೋ, ಆಣೆ ಮಾಡಿ ಹೇಳಲಾರೆ. ಆಗ ನಾನು ಇಟ್ಟುಕೊಂಡಿದ್ದ ಟಿಪ್ಪಣಿ ಪುಸ್ತಕದಲ್ಲಿ ಅಳತೆಗಳಿವೆ, ಯಾರು ಏನು ಅಂದರು ಎಂಬುದಿಲ್ಲ. ಆದ್ದರಿಂದ ಅಳತೆಗಳನ್ನು ಪುಸ್ತಕದಿಂದ, ಮಾತುಗಳನ್ನು ನೆನಪಿನಿಂದ ತೆಗೆದು ಬರೆಯುತ್ತಿದ್ದೇನೆ. ಎರಡರಲ್ಲಿ ಯಾವುದನ್ನು ಎಷ್ಟು ನಂಬಬೇಕೆಂಬುದು ಓದುವವರಿಗೆ ಗೊತ್ತಿರಲಿ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಚಿಕ್ಕೋಡಿಯಲ್ಲಿದ್ದ ಒಂದು ಸಣ್ಣ ಸೇವಾಸಂಸ್ಥೆಯಲ್ಲಿ ಎಂಜಿನಿಯರ್ ಆಗಿದ್ದೆ. ಕಾಗವಾಡದಿಂದ ಆಚೆ, ಕೃಷ್ಣೆಯ ದಂಡೆಯ ಒಂದು ಊರಲ್ಲಿ ಹದಿನೆಂಟು ಕುಟುಂಬಗಳಿಗೆ ಮನೆ ಕಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ಅವರ ಮಣ್ಣಿನ ಮನೆಗಳು ದೊಡ್ಡ ಹೊಳೆ ಬಂದಾಗಲೆಲ್ಲ ಕುಸಿಯುತ್ತಿದ್ದವು. ಸರ್ಕಾರ ಕೊಟ್ಟ ಹೊಸ ಜಾಗ ಊರಿಗಿಂತ ಸ್ವಲ್ಪ ಎತ್ತರದಲ್ಲಿತ್ತು. ಆದರೆ ಅದು ಬರೀ ಉಸುಕು. ಮುಂದೆ ಹೊಳೆ, ಹಿಂದೆ ಹೊಳೆಗೆ ಸೇರುವ ಹಳ್ಳ, ನಡುವೆ ಈ ಉಸುಕಿನ ದಿಬ್ಬ. ಕಲ್ಲು ದೂರದಿಂದ ಬರಬೇಕು. ಸುತ್ತಲಿನ ಭಟ್ಟಿಗಳ ಇಟ್ಟಂಗಿ ನಾಲ್ಕು ದಿನ ನೀರಲ್ಲಿ ನಿಂತರೆ ಮೆತ್ತಗಾಗುತ್ತಿತ್ತು. ಹೀಗಾಗಿ ಗೋಡೆಗೆ ಕಾಂಕ್ರೀಟ್ ಬ್ಲಾಕು ಎಂದು ನಾನೇ ನಿರ್ಧರಿಸಿದೆ. ಕೈಯಿಂದ ಒತ್ತುವ ಯಂತ್ರವೊಂದನ್ನು ಜಾಗದಲ್ಲಿಯೇ ಇಟ್ಟು ಬ್ಲಾಕು ಮಾಡಿಸತೊಡಗಿದೆ.

ಮಳೆಗಾಲದೊಳಗೆ ಮನೆಗಳು ಮುಗಿಯಲೇಬೇಕಿತ್ತು. ಹಳೆಯ ಮನೆಯ ಬಾಗಿಲು, ಚೌಕಟ್ಟು, ತಗಡುಗಳನ್ನು ಹೊಸದಕ್ಕೆ ಬಳಸುವುದೆಂದು ನಮ್ಮ ಸಂಸ್ಥೆಯ ಕಾರ್ಯದರ್ಶಿಗಳು ಹೇಳಿದ್ದರಿಂದ ಜನ ಹೋಳಿ ಹುಣ್ಣಿಮೆಯಾದ ಮೇಲೆ ತಮ್ಮ ಮನೆಗಳನ್ನು ಬಿಚ್ಚಿಬಿಟ್ಟಿದ್ದರು. ಕಬ್ಬಿನ ಒಣ ಗರಿಯ ರವದಿ ಹೊದಿಸಿದ ಗುಡಿಸಲುಗಳಲ್ಲಿ ಕೂತು ನಮ್ಮ ದಾರಿ ನೋಡುತ್ತಿದ್ದರು. ಕೆಲಸ ತಡವಾದರೆ ಅವರು ಆ ಗುಡಿಸಲುಗಳಲ್ಲಿಯೇ ಹೊಳೆಯನ್ನು ಎದುರಿಸಬೇಕು. ಕೆಟ್ಟದಾಗಿ ಮುಗಿದರೆ ಮನೆ ಮತ್ತೆ ಬೀಳುತ್ತದೆ, ಎರಡನೆಯ ಸಲ ಯಾರೂ ಜಾಗ ಕೊಡುವುದಿಲ್ಲ.

ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಗುತ್ತೇದಾರನನ್ನು ಹುಡುಕುವಾಗ ನಾನು ಕಾಗದಪತ್ರಗಳನ್ನು ನಂಬಲಿಲ್ಲ. ಬಂದವರು ಜಾಗದಲ್ಲಿಯೇ ಐದಡಿ ಉದ್ದ, ನಾಲ್ಕಡಿ ಎತ್ತರದ ಒಂದು ಮಾದರಿ ಗೋಡೆ ಕಟ್ಟಿ ತೋರಿಸಬೇಕು ಎಂದೆ. ಮರುದಿನ ತೂಗುಗುಂಡು ಬಿಟ್ಟು, ಮಟ್ಟ ಇಟ್ಟು ನೋಡುವುದು. ಆಮೇಲೆ ಮೇಲಿನ ಬ್ಲಾಕೊಂದನ್ನು ಕಿತ್ತು ಅದರ ಕೆಳಗೆ ಗಾರೆ ತುಂಬಾ ಹರಡಿದೆಯೋ ಅಂಚಿಗಷ್ಟೇ ಮೆತ್ತಿದ್ದಾರೋ ನೋಡುವುದು. ಈ ಪರೀಕ್ಷೆಯ ಬಗ್ಗೆ ನನಗೆ ಆಗ ಬಹಳ ಹೆಮ್ಮೆ ಇತ್ತು.

ಮೂವರು ಬಂದರು. ಚಿಕ್ಕೋಡಿಯವನು ಉಸುಕಿನಲ್ಲಿ ನಾಲ್ಕು ಹೆಜ್ಜೆ ನಡೆದು, ಚಪ್ಪಲಿ ಕೊಡವಿ, ಬಂದ ಬಸ್ಸಿಗೇ ಹೊರಟುಹೋದ. ನಿಪ್ಪಾಣಿಯವನು ಮೋಟಾರ್ ಸೈಕಲ್ಲಿನ ಮೇಲೆ ಬಂದ. ತಂಬಾಕಿನ ಗೋದಾಮುಗಳನ್ನು ಕಟ್ಟಿ ಹೆಸರು ಮಾಡಿದವನು, ಅರ್ಧ ಮರಾಠಿ ಅರ್ಧ ಕನ್ನಡ ಮಾತು. ಅವನ ಇಬ್ಬರು ಆಳುಗಳು ಮಧ್ಯಾಹ್ನದೊಳಗೆ ಎಬ್ಬಿಸಿದ ಗೋಡೆ ಗುಂಡಿನ ದಾರಕ್ಕೆ ಎಲ್ಲಿಯೂ ತಾಗಲಿಲ್ಲ, ಎಲ್ಲಿಯೂ ದೂರ ಸರಿಯಲಿಲ್ಲ. ಕಿತ್ತ ಬ್ಲಾಕಿನ ಕೆಳಗೆ ಗಾರೆ ರೊಟ್ಟಿ ತಟ್ಟಿದಷ್ಟು ಸಮನಾಗಿತ್ತು.

ಮೂರನೆಯವರು ರಾಯಬಾಗದ ಕಡೆಯ ಒಬ್ಬ ಮುಸಲ್ಮಾನ ಗೌಂಡಿ. ಅರವತ್ತರ ಆಸುಪಾಸಿನವರು, ಎಲ್ಲರೂ ಚಾಚಾ ಎನ್ನುತ್ತಿದ್ದರು. ಹೊಲದ ಬಾವಿಗಳಿಗೆ ಒಳಗಿನಿಂದ ಕಲ್ಲು ಕಟ್ಟುವುದು ಅವರ ಮುಖ್ಯ ಕೆಲಸ. ಅವರು ಬ್ಲಾಕುಗಳ ಕಡೆ ನೋಡಲೇ ಇಲ್ಲ. ಸಲಿಕೆ ಕೇಳಿ ಇಸಿದುಕೊಂಡು ಜಾಗದ ಹಿಂಭಾಗಕ್ಕೆ ಹೋಗಿ ಒಂದು ಗುಂಡಿ ತೋಡತೊಡಗಿದರು. ಸೊಂಟದ ಮಟ್ಟಕ್ಕೆ ಬರುವಷ್ಟರಲ್ಲಿ ಬದಿಯ ಉಸುಕು ಜಾರಿ ಅರ್ಧ ಗುಂಡಿ ತುಂಬಿತು. ಅವರು ಮತ್ತೆ ತೋಡಿದರು, ಅದು ಮತ್ತೆ ಜಾರಿತು. ಮಾದರಿ ಗೋಡೆ ಯಾವಾಗ ಕಟ್ಟುತ್ತೀರಿ ಎಂದು ನಾನು ಕೇಳಿದೆ. ಅವರು ನನ್ನ ಕೈಯಲ್ಲಿದ್ದ ನಕ್ಷೆ ತೋರಿಸಲು ಹೇಳಿದರು. ಹೊಳೆಯ ಕಡೆಯ ಮುಂಭಾಗಕ್ಕೆಲ್ಲ ನಾನು ಕಲ್ಲಿನ ಹಾಸು ಬರೆದಿದ್ದೆ. ಉಳಿದ ಮೂರು ಕಡೆ ಮೂರಡಿ ಆಳದ ಪಾಯ, ಅಷ್ಟೇ.

"ನೀರ ಎಲ್ಲಿಂದ ಬರ್ತೈತಿ ಅನ್ನೂದು ಬರದೀರಿ. ಎಲ್ಲಿಂದ ಹೋಗ್ತೈತಿ?" ಎಂದು ಕೇಳಿದರು.

"ಬಂದ ದಾರೀಲೇ ಹೋಗ್ತೈತಿ ಚಾಚಾ," ಎಂದು ನಾನು ನಕ್ಕೆ.

"ಗೊತ್ತಿದ್ದವರನ್ನ ಕೇಳ್ರಿ. ಗೊತ್ತಾದ ಮ್ಯಾಲ ಹೇಳಿ ಕಳಸ್ರಿ, ಬರ್ತೀನಿ. ಗ್ವಾಡಿ ಕಟ್ಟೂದೇನು, ಯಾರರ ಕಟ್ತಾರ."

ಸಲಿಕೆಯನ್ನು ತೊಳೆದು ಕೊಟ್ಟು ಹೋದರು. ಇದು ಕೆಲಸ ಬರದವರು ಹೇಳುವ ನೆಪ ಎಂದು ನಾನು ಕಾರ್ಯದರ್ಶಿಗಳಿಗೆ ವರದಿ ಬರೆದೆ. ಕೆಲಸ ನಿಪ್ಪಾಣಿಯವನಿಗೆ ಸಿಕ್ಕಿತು.

ಅವನನ್ನು ನಾನು ಇವತ್ತಿಗೂ ದೂರುವುದಿಲ್ಲ. ಹೇಳಿದ ದಿನ ಆಳುಗಳು ಬರುತ್ತಿದ್ದರು, ಸಿಮೆಂಟು ಕದಿಯುತ್ತಿರಲಿಲ್ಲ. ಮೂರು ವಾರಗಳಲ್ಲಿ ಹಿಂದಿನ ಸಾಲಿನ ಮೊದಲ ಮನೆ ಬಾಗಿಲಿನ ಮೇಲ್ಮಟ್ಟಕ್ಕೆ ಬಂತು. ಅದು ಒಬ್ಬ ಅಜ್ಜಿಯ ಪಾಲಿನ ಮನೆ. ಅವಳನ್ನು ನಾವೆಲ್ಲ ಆಯಿ ಎಂದು ಕರೆಯುತ್ತಿದ್ದೆವು. ಗಂಡ ನಾವೆ ನಡೆಸುತ್ತಿದ್ದವನು, ತೀರಿಹೋಗಿದ್ದ. ಮಗಳು ಮತ್ತು ಇಬ್ಬರು ಮೊಮ್ಮಕ್ಕಳೊಡನೆ ಗುಡಿಸಲಿನಲ್ಲಿದ್ದಳು. ದಿನಾ ಬೆಳಿಗ್ಗೆ ಬಂದು ಗೋಡೆ ಎಷ್ಟು ಎದ್ದಿದೆ ಎಂದು ಕೈಯಿಂದ ಮುಟ್ಟಿ ನೋಡಿ ಹೋಗುತ್ತಿದ್ದಳು.

ಆ ಗೋಡೆಯಲ್ಲಿ ಮೊದಲ ಬಿರುಕು ನನ್ನ ಕಣ್ಣಿಗೆ ಬಿದ್ದದ್ದು ಕಿಟಕಿಯ ಮೂಲೆಯಲ್ಲಿ. ಕೂದಲಿನಷ್ಟು ಸಣ್ಣದು. ಮೆಟ್ಟಿಲು ಮೆಟ್ಟಿಲಾಗಿ ಬ್ಲಾಕುಗಳ ಸಂದಿಯಲ್ಲಿ ಕೆಳಗಿಳಿದಿತ್ತು. ಮೇಲೆ ಗಾರೆ ಬಳಿದು ಗಿಲಾವ್ ಮಾಡಿದರೆ ಏನೂ ಕಾಣುವುದಿಲ್ಲ, ಕಾಳಜಿ ಬೇಡ ಎಂದು ಗುತ್ತೇದಾರ ಹೇಳಿದ. ನಾನು ಕಾಗವಾಡದ ಅಂಗಡಿಯಿಂದ ಗಾಜಿನ ತುಂಡುಗಳನ್ನು ಕತ್ತರಿಸಿ ತಂದು ಬಿರುಕಿಗೆ ಅಡ್ಡಲಾಗಿ ಗಾರೆಯಿಂದ ಅಂಟಿಸಿದೆ. ಗೋಡೆ ಸುಮ್ಮನಿದ್ದರೆ ಗಾಜು ಉಳಿಯುತ್ತದೆ, ಚಲಿಸುತ್ತಿದ್ದರೆ ಒಡೆಯುತ್ತದೆ. ಐದು ಗಾಜುಗಳಲ್ಲಿ ನಾಲ್ಕು ಒಂದೇ ವಾರದಲ್ಲಿ ಒಡೆದವು.

ಕಾರಣ ಹುಡುಕುತ್ತ ನಾನು ಆಳುಗಳ ಬೆನ್ನು ಹತ್ತಿದೆ. ಅವರು ಸಂಜೆ ಕೆಲಸ ಬಿಡುವ ಮೊದಲು ಮರುದಿನದ ಬ್ಲಾಕುಗಳನ್ನೆಲ್ಲ ನೀರಿನ ತೊಟ್ಟಿಯಲ್ಲಿ ಮುಳುಗಿಸಿಡುತ್ತಿದ್ದರು. ಇಟ್ಟಂಗಿಗೆ ಅದೇ ಸರಿಯಾದ ಪದ್ಧತಿ. ಸುಟ್ಟ ಇಟ್ಟಂಗಿ ನೀರು ಕುಡಿದಿರದಿದ್ದರೆ ಗಾರೆಯ ನೀರನ್ನು ಹೀರಿಬಿಡುತ್ತದೆ. ಕಾಂಕ್ರೀಟ್ ಬ್ಲಾಕಿನ ಗುಣ ಬೇರೆ. ನೀರು ಕುಡಿದು ಹಿಗ್ಗಿ, ಗೋಡೆಯಲ್ಲಿ ಕೂತ ಮೇಲೆ ಒಣಗುತ್ತ ಕುಗ್ಗುತ್ತದೆ, ಗೋಡೆಯನ್ನು ಸೀಳುತ್ತದೆ. ಇದು ನನಗೆ ಗೊತ್ತಿತ್ತು. ಸಿಟ್ಟಿನಿಂದ ಗುತ್ತೇದಾರನನ್ನು ಕರೆದೆ. ಅವನು ನನ್ನನ್ನು ಬ್ಲಾಕಿನ ಯಂತ್ರದ ಹತ್ತಿರ ಕರೆದೊಯ್ದು ಅಲ್ಲಿ ನಾನೇ ಬರೆಸಿ ತೂಗುಹಾಕಿದ್ದ ಹಲಗೆ ತೋರಿಸಿದ: ಬ್ಲಾಕುಗಳನ್ನು ಸದಾ ಒದ್ದೆಯಾಗಿ ಇಡತಕ್ಕದ್ದು. ಹೊಸ ಬ್ಲಾಕು ಗಟ್ಟಿಯಾಗುವವರೆಗಿನ ಮಾತು ಅದು. ಎಷ್ಟು ದಿನ, ಆಮೇಲೆ ಎಷ್ಟು ಒಣಗಿಸಬೇಕು ಎಂಬುದನ್ನು ನಾನು ಬರೆಸಿಯೇ ಇರಲಿಲ್ಲ.

"ಕಾಯ್ ಸಾಹೇಬ, ನೀವು ಬರದ್ರಿ, ಆಮಿ ಕೇಲಂ," ಎಂದ. ನೀವು ಬರೆದಿರಿ, ನಾವು ಮಾಡಿದೆವು. ಅವನ ದನಿಯಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ನೆನಪಿಲ್ಲ. ಇದ್ದಿದ್ದರೆ ನ್ಯಾಯವೇ.

ಆ ವಾರವೇ ಕಾಲವಲ್ಲದ ಕಾಲದ ಅವಕಾಳಿ ಮಳೆ ಬಂತು. ಒಂದೇ ಮಳೆ, ಸಂಜೆ ಎರಡು ತಾಸು. ಮರುದಿನ ಬೆಳಿಗ್ಗೆ ನಾನು ಹೋದಾಗ ಹಿಂದಿನ ಸಾಲಿಗೆ ತೋಡಿದ್ದ ಪಾಯದ ಕಾಲುವೆಗಳೆಲ್ಲ ಜಾರಿ ಮುಚ್ಚಿದ್ದವು. ದಿಬ್ಬದ ಮೇಲೆ ಬಿದ್ದ ನೀರು ಹೊಳೆಯ ಕಡೆ ಹೋಗಿರಲಿಲ್ಲ. ಹಿಂದಿನ ಹಳ್ಳಕ್ಕೆ ಇಳಿದಿತ್ತು. ಇಳಿಯುವಾಗ ಆಯಿಯ ಮನೆಯ ಹಿಂದಿನ ಮೂಲೆಯಲ್ಲಿ ಉಸುಕನ್ನು ಮೊಳದಷ್ಟು ಆಳ ಕೊರೆದು ಹೋಗಿತ್ತು. ಪಾಯದ ಬದಿ ಬತ್ತಲೆಯಾಗಿ ಕಾಣುತ್ತಿತ್ತು.

ಆಯಿ ಆ ಮೂಲೆಯಲ್ಲಿ ಕೂತಿದ್ದಳು. ಹೊಳೆ ಬಂದಾಗ ನೀರು ಈ ಜಾಗಕ್ಕೆ ಎಲ್ಲಿಂದ ಏರುತ್ತದೆ ಎಂದು ಕೇಳಿದೆ. ಮೂರು ತಿಂಗಳ ಮೊದಲೇ ಕೇಳಬೇಕಿದ್ದ ಪ್ರಶ್ನೆ. ಹೊಳೆ ತುಂಬಿದಾಗ ಹಳ್ಳದ ನೀರಿಗೆ ಮುಂದೆ ಹೋಗಲು ದಾರಿಯಿಲ್ಲದೆ ಅದು ಹಿಂದಕ್ಕೆ ಒತ್ತಿಕೊಂಡು ಬರುತ್ತದೆ, ಹೀಗಾಗಿ ನೀರು ಯಾವಾಗಲೂ ಬೆನ್ನ ಕಡೆಯಿಂದಲೇ ಏರುವುದು ಎಂದು ಹೇಳಿದಳು. ಹೊಳೆಯ ಮುಖಕ್ಕೆ ಕಲ್ಲು ಹಾಸುವುದನ್ನು ನೋಡಿ ಅದು ಸರ್ಕಾರದ ರೀತಿ ಇರಬೇಕೆಂದು ಸುಮ್ಮನಿದ್ದಳಂತೆ.

"ಬರೂ ನೀರಿಗೆ ಅಂಜಬ್ಯಾಡೋ ತಮ್ಮಾ, ಅದು ಮೆಲ್ಲಕ ಬರ್ತೈತಿ," ಎಂದಳು. "ನಮ್ಮ ಮನಿ ಒಂದೂ ನೀರ ಬಂದಾಗ ಬಿದ್ದಿಲ್ಲ. ಹೊಳಿ ಇಳದ ದಿನಾ ಬಿದ್ದಾವು. ಹಳ್ಳದಾಗಿನ ನೀರ ಒಮ್ಮೆಲೆ ಕೆಳಗ ಎಳೀತೈತಿ ನೋಡು, ಗ್ವಾಡಿ ಕಾಲಾಗಿನ ಉಸುಕ ತಗೊಂಡ ಹೋಗ್ತೈತಿ."

ನಾನು ಅದೇ ದಿನ ಚಿಕ್ಕೋಡಿಗೆ ಹೋದೆ. ಬಿರುಕು ಬಿಟ್ಟ ಗೋಡೆ ತೆಗೆಯಬೇಕು, ಹಿಂದಿನ ಪಾಯವನ್ನು ಹೊಸದಾಗಿ ಆಳಕ್ಕಿಳಿಸಬೇಕು, ಗುತ್ತೇದಾರನನ್ನು ಬದಲಿಸಬೇಕು ಎಂದು ಕಾರ್ಯದರ್ಶಿಗಳಿಗೆ ಹೇಳಿದೆ. ಅವರು ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಮಳೆಗಾಲಕ್ಕೆ ಉಳಿದ ವಾರಗಳನ್ನು ಎಣಿಸಿದರು. ಎಂಟು ಆದವು.

"ಜನ ರವದಿ ಒಳಗ ಕುಂತಾರ. ಕಟ್ಟಿದ್ದನ್ನ ಕೆಡವತೀನಿ ಅಂತ ಅವರ ಮುಂದ ಯಾರು ಹೇಳಾವ್ರು?"

ನಾನೇ ಹೇಳುತ್ತೇನೆ ಎಂದೆ.

ಹೇಳಿದ್ದು ಮರುದಿನ ಬೆಳಿಗ್ಗೆ, ಆಯಿಯ ಮನೆಯ ಅರ್ಧ ಗೋಡೆಗಳ ನಡುವೆ. ಹದಿನೆಂಟು ಮನೆಗಳ ಜನರೂ ಇದ್ದರು. ನನ್ನ ನೆನಪಿನ ಒಂದು ಆವೃತ್ತಿಯಲ್ಲಿ ನಾನು ಒಡೆದ ಗಾಜುಗಳನ್ನು ತೋರಿಸಿ, ಕೊರೆದ ಮೂಲೆ ತೋರಿಸಿ, ಎಲ್ಲವನ್ನೂ ವಿವರಿಸಿ, ಕೆಡವೋಣ ಎಂದು ಕೇಳುತ್ತೇನೆ. ಇನ್ನೊಂದರಲ್ಲಿ ನಾನು ಗಾಜಿನ ಮಾತು ಮುಗಿಸುವ ಮೊದಲೇ ಆಯಿ ಬಾಯಿ ಹಾಕುತ್ತಾಳೆ. ಎರಡನೆಯದೇ ನಿಜವಿರಬೇಕು, ಏಕೆಂದರೆ ಅವಳ ಮಾತು ನನಗೆ ಅಕ್ಷರಶಃ ನೆನಪಿದೆ, ನನ್ನದು ಒಂದೂ ಇಲ್ಲ.

"ಕೆಡವು. ಮೂರ ಮನಿ ತಾವಾಗೇ ಬಿದ್ದಿದ್ದ ನೋಡೀನಿ. ನಾವಾಗಿ ಕೆಡವಿದ್ದು ಇದೊಂದ ಇರಲಿ."

ಯಾರೋ ನಕ್ಕರು. ಅದರಿಂದ ಸಭೆ ಹಗುರಾಯಿತು. ಎಲ್ಲ ಮನೆಗಳೂ ಮಳೆಗಾಲದೊಳಗೆ ಮುಗಿಯಲಾರವು ಎಂದು ನಾನು ಮುಚ್ಚಿಡದೆ ಹೇಳಿದೆ. ಹಳ್ಳದ ಕಡೆಯ ಸಾಲನ್ನು ಮೊದಲು ಕಟ್ಟುವುದು, ಮುಗಿದಷ್ಟು ಮನೆಗಳಲ್ಲಿ ಎರಡೆರಡು ಕುಟುಂಬ ಆ ಮಳೆಗಾಲ ಕಳೆಯುವುದು ಎಂದು ಅವರೇ ತೀರ್ಮಾನಿಸಿಕೊಂಡರು. ನಿಪ್ಪಾಣಿಯವನು ಜಗಳ ಮಾಡಲಿಲ್ಲ. ಗೋದಾಮಿಗೆ ಹೊಳೆ ಬರುವುದಿಲ್ಲ, ಈ ಕೆಲಸ ತನ್ನದಲ್ಲ ಎಂದು ಹೇಳಿ ಸಾಮಾನು ಕಟ್ಟಿಕೊಂಡು ಹೋದ.

ಚಾಚಾ ರಾಯಬಾಗದ ಹತ್ತಿರ ಒಂದು ಕಬ್ಬಿನ ಹೊಲದ ಬಾವಿಯೊಳಗಿದ್ದರು. ನಾನು ಮೇಲೆ ಬಗ್ಗಿ ನಿಂತು, ಅವರು ಕೆಳಗೆ ಕಲ್ಲು ಕೂರಿಸುತ್ತ, ಹಾಗೆಯೇ ಮಾತಾಯಿತು. ನೀರು ಹಳ್ಳದ ಕಡೆಯಿಂದ ಹೋಗುತ್ತದೆ ಎಂದು ಕೂಗಿ ಹೇಳಿದೆ.

"ಯಾರ ಹೇಳಿದ್ರು?" ಬಾವಿಯೊಳಗಿಂದ ಕೇಳಿದರು.

"ಒಬ್ಬಾಕಿ ಆಯಿ."

"ಹಂಗಾರ ಖರೇ ಇರತೈತಿ," ಎಂದು ಮತ್ತೊಂದು ಕಲ್ಲು ಎತ್ತಿಕೊಂಡರು. ಮೂರನೆಯ ದಿನ ಆರು ಆಳುಗಳೊಡನೆ ಬಂದರು.

ಉಸುಕಿನಲ್ಲಿ ಪಾಯ ತೋಡುವ ಅವರ ಕ್ರಮ ಬಾವಿಯಿಂದ ಬಂದದ್ದು. ಇಡೀ ಕಾಲುವೆಯನ್ನು ಒಮ್ಮೆಗೇ ತೋಡುವುದಿಲ್ಲ. ಆರಡಿ ಉದ್ದದ ತುಂಡು ತೋಡಿ, ಎರಡೂ ಬದಿಗೆ ಹಲಗೆ ಕೊಟ್ಟು, ಅದೇ ದಿನ ಕಲ್ಲು ಕಟ್ಟಿ ಮೇಲೆ ತರುವುದು. ಪಕ್ಕದ ಆರಡಿ ಬಿಟ್ಟು ಅದರಾಚೆಯದನ್ನು ತೋಡುವುದು. ಕಟ್ಟಿದ್ದು ಬಿಗಿದ ಮೇಲೆ ನಡುವೆ ಬಿಟ್ಟಿದ್ದನ್ನು ತುಂಬುವುದು. ಹಿಂದಿನ ಗೋಡೆಯ ಕೆಳಗೆ ನನ್ನ ಮೂರಡಿಯ ಬದಲು ನಾಲ್ಕೂವರೆ ಅಡಿ ಇಳಿಯುವುದೆಂದು ಇಬ್ಬರೂ ಒಪ್ಪಿದೆವು. ಮೂಲೆಗಳನ್ನು ಅವರು ದುಂಡಗೆ ಮಾಡಿದರು, ನೀರು ಮೂಲೆಯಲ್ಲಿ ಸುತ್ತುಹಾಕಿ ಕೊರೆಯದಿರಲೆಂದು. ನಾನು ಪಾಯದ ಮೇಲೆ ಸುತ್ತಲೂ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಪಟ್ಟಿ ಸೇರಿಸಿದೆ. ಒಳಗೆ ಮುರುಮು ಮಣ್ಣು ತುಂಬಿದ ಕಟ್ಟೆಯಲ್ಲಿ ನೀರು ಸಿಕ್ಕಿಕೊಂಡು ಗೋಡೆಯನ್ನು ದೂಡದಂತೆ ಹಳ್ಳದ ಕಡೆಗೆ ಸಣ್ಣ ಕಿಂಡಿಗಳನ್ನು ಬಿಡಿಸಿದೆ.

ಆದರೆ ಬ್ಲಾಕಿನ ವಿಷಯದಲ್ಲಿ ಚಾಚಾ ಕೂಡ ಮೊದಲ ದಿನವೇ ತೊಟ್ಟಿಗೆ ನೀರು ತುಂಬಿಸಲು ಹೇಳಿದರು. ನಾನು ಬೇಡವೆಂದೆ. ಒಣ ಬ್ಲಾಕಿಗೆ ಗಾರೆ ಹಿಡಿಯುವುದಿಲ್ಲ ಎಂದು ಅವರು ಪಟ್ಟು ಹಿಡಿದರು.

"ನೀರ ಕೊಡದ ಇಟ್ಟಂಗಿ ಇಡೂದಂದ್ರ, ಬೀಗರ ಕೈಗೆ ನೀರ ಕೊಡದ ಊಟಕ್ಕ ಕುಂಡ್ರಿಸಿದಂಗ್ರಿ ಸಾಹೇಬ್ರ."

ಈ ಸಲ ನಾನು ವಾದಿಸಲಿಲ್ಲ. ಪಾಯದ ಕೆಲಸ ನಡೆದಿರುವಾಗಲೇ ಅವರ ಕೈಯಿಂದಲೇ ಎರಡು ಗೋಡೆ ಕಟ್ಟಿಸಿದೆ, ಒಂದು ನೆನೆಸಿದ ಬ್ಲಾಕಿನದು, ಒಂದು ಒಣ ಬ್ಲಾಕಿಗೆ ಮೇಲ್ಮೈ ಮಾತ್ರ ಒದ್ದೆ ಬಟ್ಟೆಯಿಂದ ಒರೆಸಿದ್ದು. ಎರಡರ ತುದಿಗಳನ್ನೂ ಕಂಬಕ್ಕೆ ಬಿಗಿದು ಕುಗ್ಗಲು ಜಾಗವಿರದಂತೆ ಮಾಡಿದೆ. ಬೇಸಿಗೆಯ ಬಿಸಿಲು ನಮ್ಮ ಪರವಾಗಿತ್ತು. ಹತ್ತನೆಯ ದಿನ ನೆನೆಸಿದ ಗೋಡೆಯ ನಡುವೆ ಬಿರುಕು ಮೂಡಿತು. ಚಾಚಾ ಉಗುರನ್ನು ಅದರೊಳಗೆ ತೂರಿಸಿ ನೋಡಿದರು, ಇನ್ನೊಂದು ಗೋಡೆಯ ಸಂದಿಯನ್ನು ಕರಣಿಯಿಂದ ಕೆರೆದು ನೋಡಿದರು. ಆಮೇಲೆ ಆಳುಗಳಿಗೆ ಬ್ಲಾಕಿನ ರಾಶಿಯ ಮೇಲೆ ರವದಿ ಹೊದಿಸಲು ಹೇಳಿದರು, ಇಬ್ಬನಿ ಕೂಡ ಬೀಳಬಾರದು ಎಂದರು. ಅಲ್ಲಿಂದ ಮುಂದೆ ಒದ್ದೆ ಬ್ಲಾಕು ಮುಟ್ಟಿದ ಆಳನ್ನು ಬೈಯುವ ಕೆಲಸ ನನ್ನದಾಗಿ ಉಳಿಯಲಿಲ್ಲ.

ಮಳೆಗಾಲ ಶುರುವಾದಾಗ ಹಳ್ಳದ ಕಡೆಯ ಒಂಬತ್ತು ಮನೆಗಳ ಮೇಲೆ ತಗಡು ಬಿದ್ದಿತ್ತು. ಹದಿನೆಂಟು ಕುಟುಂಬಗಳೂ ಅವುಗಳಲ್ಲಿ ಸೇರಿಕೊಂಡವು. ಒಂದೇ ಅಡಿಗೆಮನೆಯಲ್ಲಿ ಎರಡು ಒಲೆ ಉರಿದು ಆದ ಜಗಳಗಳನ್ನು ಬಿಡಿಸುವುದೇ ಆ ಮಳೆಗಾಲದ ನನ್ನ ಮುಖ್ಯ ಕೆಲಸವಾಯಿತು. ಆ ವರ್ಷ ಹೊಳೆ ದಿಬ್ಬಕ್ಕೆ ಏರಲಿಲ್ಲ. ಉಳಿದ ಒಂಬತ್ತು ಮುಂದಿನ ಬೇಸಿಗೆಯಲ್ಲಿ ಮುಗಿದವು. ಆಮೇಲೆ ನಾನು ಆ ಸಂಸ್ಥೆ ಬಿಟ್ಟೆ, ಒಂದು ಕಡೆ ಬಹಳ ದಿನ ನಿಲ್ಲುವ ಸ್ವಭಾವ ನನ್ನದಲ್ಲ.

ತೊಂಬತ್ತರ ದಶಕದ ನಡುವೆ ಒಂದು ವರ್ಷ ಹೊಳೆ ದಿಬ್ಬಕ್ಕೆ ಏರಿತೆಂದು ತಿಳಿಯಿತು. ನೀರು ಇಳಿದ ಎರಡು ವಾರಕ್ಕೆ ನಾನು ಬೆಳಗಾವಿಯಿಂದ ಬಸ್ಸು ಹತ್ತಿ ಹೋದೆ. ಹದಿನೆಂಟೂ ಮನೆಗಳು ನಿಂತಿದ್ದವು. ಗೋಡೆಗಳ ಮೇಲೆ ಕಿಟಕಿಯ ಕೆಳಗೆ ಕೆಸರಿನ ಗೆರೆ ಇತ್ತು. ಚಾಚಾ ಅಷ್ಟರಲ್ಲಿ ತೀರಿಕೊಂಡಿದ್ದರು. ಮನೆ ಉಳಿದದ್ದು ಹೇಗೆ ಎಂದು ಕೇಳಿದರೆ ಒಬ್ಬರು ಬ್ಲಾಕು ಗಟ್ಟಿ ಎಂದರು, ಒಬ್ಬರು ದೇವರು ಎಂದರು, ಒಬ್ಬರು ನೀರೇ ಅಷ್ಟು ಜೋರಿರಲಿಲ್ಲ ಎಂದರು. ಕೊನೆಯ ಮಾತು ನನ್ನನ್ನು ಕಾಡಿತು. ನೀರು ಜೋರಿರಲಿಲ್ಲವೆಂದರೆ ನನ್ನ ಮೂರಡಿಯೂ ಸಾಕಾಗುತ್ತಿತ್ತು. ಆ ಎಂಟು ವಾರಗಳ ಗಡಿಬಿಡಿ, ಕೆಡವಿದ ಮನೆ, ಒಂದು ಇಡೀ ಮಳೆಗಾಲ ಒಂದೇ ಸೂರಿನಡಿ ಇರುಕಿಕೊಂಡ ಕುಟುಂಬಗಳು, ಎಲ್ಲ ವ್ಯರ್ಥ.

ಆಯಿಯ ಮನೆಯ ಹಿಂದಿನ ಮೂಲೆಯಲ್ಲಿ ಸಲಿಕೆ ಹಾಕಿದೆ. ಅವಳಿಗೆ ಕಣ್ಣು ಮಂಜಾಗಿತ್ತು, ಕಟ್ಟೆಯ ಮೇಲೆ ಕೂತೇ ನನ್ನ ದನಿ ಗುರುತಿಸಿದಳು.

"ಏನ ಹುಡಕಾಕತ್ತೀಯೋ ತಮ್ಮಾ? ಏನರ ಹುಗದಿಟ್ಟ ಹೋಗಿದ್ದೇನ?"

ನೀರು ಇಳಿಯುವಾಗ ಉಸುಕು ಕೊರೆದಿದ್ದರೆ, ಆ ಕುಳಿಯಲ್ಲಿ ಆಮೇಲೆ ಹೊಳೆಯ ಕಪ್ಪು ಮೆಕ್ಕಲು ಕೂತಿರಬೇಕು. ಕಪ್ಪು ಎಲ್ಲಿ ಮುಗಿದು ಹಳದಿ ಉಸುಕು ಎಲ್ಲಿ ಶುರುವಾಗುತ್ತದೋ ಅಲ್ಲಿಯವರೆಗೆ ನೆಲ ಹೋಗಿತ್ತೆಂದು ಅರ್ಥ. ನಾಲ್ಕೂವರೆ ಅಡಿಯ ಪಾಯದ ಕಲ್ಲಿಗೆ ಅಂಟಿಕೊಂಡು ಮೆಲ್ಲಗೆ ಇಳಿಸುತ್ತ ಹೋದೆ. ಎರಡಡಿಗೆ ಕಪ್ಪು, ಮೂರಡಿಗೆ ಕಪ್ಪು. ಅಲ್ಲಿಂದಾಚೆ ಸಲಿಕೆ ಬಿಟ್ಟು ಕೈಯಿಂದ ತೆಗೆದೆ. ಹಳದಿ ಉಸುಕು ಕಂಡ ಮೇಲೆ ಟೇಪು ಹಿಡಿದು ಮೂರು ಸಲ ಅಳೆದೆ. ಮೂರಡಿ ಒಂಬತ್ತು ಇಂಚು.